ಡೋಲಿ ಶಿಲಾನಕ್ಕನ ಇಪ್ಪತ್ತನೆಯ ಪತಾಕೆ

ಚಿಂಗ್‌ಶಿ ಗುಡ್ಡದಲ್ಲಿ ಯಾರಾದರೂ "ಇಲ್ಲೇ, ಹತ್ತಿರ" ಎಂದರೆ ನಂಬಬೇಡಿ. ಆ ಹತ್ತಿರಕ್ಕೆ ಮುನ್ನೂರು ಮೆಟ್ಟಿಲಿರಬಹುದು, ಐನೂರೂ ಇರಬಹುದು. ಚೊಂಗ್‌ಚಿಂಗ್ ಪಟ್ಟಣ ಬೆಳೆದದ್ದೇ ಬೆಟ್ಟದ ಮೈಗೆ ಅಂಟಿಕೊಂಡು. ಅದರ ಮೇಲೆ ಎಂಟೆಂಟು ಮಹಡಿ ಎಬ್ಬಿಸಿದ ಪುಣ್ಯಾತ್ಮರು ಲಿಫ್ಟ್ ಇಡುವುದನ್ನು ಮಾತ್ರ ಮರೆತರು. ಕಾರ್ಖಾನೆಯಿಂದ ಮನೆ ಸಿಕ್ಕ ಖುಷಿಯಲ್ಲಿ ಆಗ ಯಾರೂ ಕೇಳಲಿಲ್ಲ, ಎಲ್ಲರ ಮೊಣಕಾಲೂ ಗಟ್ಟಿಯಾಗಿದ್ದವು. ನಲವತ್ತು ವರ್ಷ ಕಳೆದು ನೋಡಿದರೆ ಮನೆಗಳು ಮೇಲೆಯೇ ಇವೆ, ಮೊಣಕಾಲುಗಳು ಕೈಕೊಟ್ಟಿವೆ, ಹಿರಿಯರು ಕಿಟಕಿಯಲ್ಲಿ ಕೂತು ಕೆಳಗಿನ ಸಂತೆ ನೋಡುತ್ತಿದ್ದಾರೆ.

ಪೂ ಶಿಲಾನಳ ಅವ್ವನೂ ಹಾಗೆಯೇ ಕೂತಿದ್ದಳು, ಆರನೆಯ ಮಹಡಿಯಲ್ಲಿ, ನಾಲ್ಕು ವರ್ಷ. ಶಿಲಾನ್ ಆಗ ಹೊಳೆಯ ಕಟ್ಟೆಯಲ್ಲಿ ಹಮಾಲಿ. ಒಂದು ಬಿದಿರುಗೋಲು, ಎರಡು ಹಗ್ಗ, ಕೂಗಿದವರ ಮೂಟೆ ಹೊತ್ತು ಮೆಟ್ಟಿಲು ಹತ್ತುವ ಕೆಲಸ. ಗಂಡಸರ ಆ ಕಸುಬಿನಲ್ಲಿದ್ದ ನಾಲ್ಕೈದು ಹೆಂಗಸರಲ್ಲಿ ಅವಳೂ ಒಬ್ಬಳು. ಸಂಜೆ ಮನೆಗೆ ಬಂದರೆ ಅವ್ವ ಕೇಳುತ್ತಿದ್ದುದು ಒಂದೇ: "ಇವತ್ತು ಸಂತೇಲಿ ಏನ್ ಬಂದಿತ್ತು?" ಶಿಲಾನ್ ಒಂದು ಕಂತೆ ಬಟಾಣಿ ಕುಡಿ ತಂದು ಮಡಿಲಿಗೆ ಹಾಕಿದರೆ, ಮುದುಕಿ ಅದನ್ನು ಮೂಸಿ ಮೂಸಿ ನೋಡಿ "ಓಹೋ, ಚಳಿ ಶುರುವಾಯ್ತು" ಎನ್ನುತ್ತಿದ್ದಳು. ಅವ್ವ ಕೊನೆಗೂ ಕೆಳಗಿಳಿದದ್ದು ಸತ್ತ ಮೇಲೆ, ಶಿಲಾನಳ ಜೊತೆಯ ಹಮಾಲಿಗಳ ಹೆಗಲ ಮೇಲೆ. ಆ ದಿನ ಅವಳಿಗೆ ತನ್ನ ಮೇಲೆಯೇ ರೇಗಿಹೋಯಿತು. ಊರವರ ಫ್ರಿಜ್ಜು, ಸೋಫಾ, ಹಂದಿಯ ತೊಡೆ ಎಲ್ಲವನ್ನೂ ಹೊತ್ತಳಲ್ಲ, ಹೆತ್ತವಳನ್ನು ಒಂದು ಸಲ ಸಂತೆಗೆ ಹೊತ್ತುಕೊಂಡು ಹೋಗಬಹುದು ಎಂದು ಈ ದಡ್ಡ ತಲೆಗೆ ಹೊಳೆಯಲೇ ಇಲ್ಲವಲ್ಲ!

ಡೋಲಿ ಹುಟ್ಟಿದ್ದು ಹಾಗೆ. ಎರಡು ಬಿದಿರು, ನಡುವೆ ಒಂದು ಬೆತ್ತದ ಕುರ್ಚಿ, ಹಿಂದೊಬ್ಬ ಮುಂದೊಬ್ಬ. ಅಷ್ಟು ಹೊತ್ತಿಗೆ ಸಾಮಾನು ಹೊರುವ ಕೆಲಸವನ್ನೆಲ್ಲ ಮೋಟಾರು ಬೈಕಿನ ಹುಡುಗರು ಕಿತ್ತುಕೊಂಡಿದ್ದರು. ಖಾಲಿ ಕೂತ ಹಳೆಯ ಹಮಾಲಿಗಳನ್ನು ಶಿಲಾನ್ ಒಬ್ಬೊಬ್ಬರನ್ನಾಗಿ ಎಳೆದು ತಂದಳು. ಮೊದಲು ಬಂದವನು ಮುದಿ ಶ್ಯಾಂಗ್, ಅರವತ್ತಮೂರರ ಪ್ರಾಯ, ಮೂವತ್ತು ವರ್ಷ ಅವಳ ಪಕ್ಕದಲ್ಲೇ ಹೊತ್ತವನು. ಬಾಯಿ ಜೋರು, ಹೆಗಲು ಇನ್ನೂ ಜೋರು.

ಮೊದಲ ವರ್ಷ ಪುಕ್ಕಟೆ ಹೊತ್ತರು. ಪುಕ್ಕಟೆ ಹೊತ್ತರೆ ಹೊಟ್ಟೆಗೇನು? ಆಗ ಯಾರೋ ಹೇಳಿದರು, ಇಂಥ ಸೇವೆಯನ್ನು ಸರ್ಕಾರ ಖರೀದಿ ಮಾಡುತ್ತದೆ, ಬಡಾವಣೆಯ ಆಡಳಿತ ನೋಡುವ ಬೀದಿ ಕಚೇರಿಗೆ ಅರ್ಜಿ ಹಾಕು ಎಂದು. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಶಿಲಾನ್ ಅರ್ಜಿ ಹಾಕಿದಳು. ಹೆಸರು ಬದಲಿಸಿಕೊಂಡು ಬಾ ಎಂದರು, ಬದಲಿಸಿದಳು. 'ಡೋಲಿ ಬಳಗ' ಹೋಗಿ 'ಚಿಂಗ್‌ಶಿ ಬೀದಿ ವಯೋವೃದ್ಧ ಸಂಚಾರ ಸಹಾಯ ಸಮಾಜಸೇವಾ ಕೇಂದ್ರ' ಆಯಿತು, ಮೊಹರಿನಲ್ಲಿ ಹಿಡಿಸದಷ್ಟು ಉದ್ದ. ಕಮ್ಯುನಿಸ್ಟ್ ಪಕ್ಷದ ಶಾಖೆಯಿದ್ದರೆ ಹೆಚ್ಚು ಅಂಕ, ಮೂವರು ಸದಸ್ಯರಿದ್ದರೆ ಸಾಕು ಎಂದರು. ಮುದಿ ಶ್ಯಾಂಗ್ ಸೈನ್ಯದಲ್ಲಿದ್ದಾಗಲೇ ಸದಸ್ಯನಾದವನು. ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು ಸಿಕ್ಕರು. ಮೂರನೆಯವರಿಗಾಗಿ ಗುಡ್ಡವೆಲ್ಲ ಜಾಲಾಡಿದ ಮೇಲೆ ಸಿಕ್ಕಿದ್ದು ರಾನ್ ಅಜ್ಜಿ. ರೇಷ್ಮೆ ಗಿರಣಿಯಲ್ಲಿ ಸಂಘದ ಕೆಲಸ ಮಾಡಿ ಪಳಗಿದ ಎಂಬತ್ತಮೂರರ ಮುದುಕಿ. ಎಂಟನೆಯ ಮಹಡಿ, ಎರಡು ವರ್ಷದಿಂದ ನೆಲ ಮುಟ್ಟಿರಲಿಲ್ಲ. ಅವಳನ್ನೇ ಕಾರ್ಯದರ್ಶಿ ಮಾಡಿದರು. ಶಾಖೆಯ ಸಭೆಗೆ ಶಾಖೆಯ ಕಾರ್ಯದರ್ಶಿಯನ್ನೇ ಡೋಲಿಯಲ್ಲಿ ಹೊತ್ತು ತರಬೇಕಾದ ಸಂಸ್ಥೆ ಇಡೀ ಜಿಲ್ಲೆಯಲ್ಲಿ ಇದೊಂದೇ ಇದ್ದಿರಬೇಕು.

ಹಣ ಬಂತು. ಹಣದ ಜೊತೆ ಕಾಗದ ಬಂತು. ಒಬ್ಬ ಅಜ್ಜನನ್ನು ಇಳಿಸಿದರೆ ನಾಲ್ಕು ಕಾಗದ: ಸಹಿ, ತೃಪ್ತಿಪತ್ರ, ಆರೋಗ್ಯ, ಅನುಭವ. ಮೇಲೆ ಮೂರು ಫೋಟೋ: ಹೊರಡುವಾಗ, ದಾರಿಯಲ್ಲಿ, ಮುಟ್ಟಿದಾಗ. ಮೂರರಲ್ಲೂ ಹಿಂದೆ ಕಚೇರಿಯ ಹೆಸರಿರುವ ಕೆಂಪು ಬಟ್ಟೆ ಕಾಣಲೇಬೇಕು. ನಾಲ್ಕನೆಯ ಮಹಡಿಯ ತಿರುವಿನಲ್ಲಿ, ಹೆಗಲ ಮೇಲೆ ಎಪ್ಪತ್ತು ಕಿಲೋ ಅಜ್ಜನನ್ನು ಇಟ್ಟುಕೊಂಡು ಬಟ್ಟೆ ಬಿಚ್ಚಿ ಹಿಡಿಯುವುದೆಂದರೆ ಏನೆಂದು ಆ ನಿಯಮ ಬರೆದವನನ್ನೇ ಕರೆಸಿ ಕೇಳಬೇಕು.

"ಶಿಲಾನಕ್ಕ, ಬಟ್ಟೆ ಹಿಡೀಲಾ, ಅಜ್ಜನ್ನ ಹಿಡೀಲಾ?" ಎಂದು ಶ್ಯಾಂಗ್ ಮೇಲಿನಿಂದ ಕೂಗುತ್ತಿದ್ದ.

"ಎರಡೂ ಹಿಡಿ. ಅಜ್ಜ ಬಿದ್ರೆ ಇನ್ನೊಂದು ಕಾಗದ ಜಾಸ್ತಿ ತುಂಬಿಸ್ಬೇಕು!"

ಅಜ್ಜ ಡೋಲಿಯಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೀಗೆ ಮೂರು ವರ್ಷ ನಡೆಯಿತು. ಪ್ರತಿ ವರ್ಷ ಹನ್ನೊಂದನೆಯ ತಿಂಗಳಲ್ಲಿ ಒಪ್ಪಂದ ಮುಗಿಯುತ್ತಿತ್ತು, ಕಚೇರಿಯ ಔಯಾಂಗ್ ಸಾಹೇಬರು ಬಂದು ನೋಡಿ ಹೋಗುತ್ತಿದ್ದರು, ಮತ್ತೊಂದು ವರ್ಷಕ್ಕೆ ಮೊಹರು ಬೀಳುತ್ತಿತ್ತು. ಔಯಾಂಗ್ ಕೆಟ್ಟವರಲ್ಲ. ಐವತ್ತರ ಹತ್ತಿರದ, ಸದಾ ಹೊಟ್ಟೆಯುರಿಯ ಗುಳಿಗೆ ಚೀಪುತ್ತಿದ್ದ, ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಂಡು ಬದುಕುತ್ತಿದ್ದ ಮನುಷ್ಯ.

ನಾಲ್ಕನೆಯ ವರ್ಷವೂ ಬಂದರು. ಶಿಲಾನ್ ಅಂದು ತನ್ನ ನೆಲಮಟ್ಟದ ಕೋಣೆಯನ್ನು ಗುಡಿಸಿ ಒರೆಸಿ ಥಳಥಳ ಮಾಡಿದ್ದಳು. ಎದುರು ಗೋಡೆಯಲ್ಲಿ ಹತ್ತೊಂಬತ್ತು ಪತಾಕೆಗಳು. ನಮ್ಮಲ್ಲಿ ಉಪಕಾರ ಪಡೆದವರು ಸುಮ್ಮನಿರುವುದಿಲ್ಲ, ಕೆಂಪು ಮಖಮಲ್ಲಿಗೆ ಬಂಗಾರದ ಅಕ್ಷರ ಅಂಟಿಸಿ, ಹಳದಿ ಕುಚ್ಚು ಕಟ್ಟಿ, ಪತಾಕೆ ತಂದು ಕೊಡುತ್ತಾರೆ. 'ಹೆತ್ತ ಮಗಳಿಗಿಂತ ಹೆಚ್ಚು.' 'ನಮ್ಮ ಕಾಲಾದವರಿಗೆ ನಮನ.' ಒಂದಂತೂ ಶ್ಯಾಂಗನ ಹೆಗಲನ್ನೇ ಹೊಗಳಿತ್ತು. ಶಿಲಾನ್ ಎದೆ ಉಬ್ಬಿಸಿ ಎಲ್ಲವನ್ನೂ ಒಂದೊಂದಾಗಿ ತೋರಿಸಿದಳು. ಔಯಾಂಗ್ "ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿದೆ" ಎಂದು ಮೂರು ಸಲ ಹೇಳಿ, ಚಹಾ ಮುಟ್ಟದೆ ಹೊರಟುಹೋದರು.

ಅಲ್ಲಿಂದ ಕಡತ ನಿಂತಿತು. ಫೋನು ಮಾಡಿದರೆ "ಪರಿಶೀಲನೆಯಲ್ಲಿದೆ." ಹೋಗಿ ಕೇಳಿದರೆ "ಪರಿಶೀಲನೆಯಲ್ಲಿದೆ." ಹತ್ತು ದಿನವಾಯಿತು, ಹದಿನೈದಾಯಿತು. ತಿಂಗಳ ಕೊನೆಯೊಳಗೆ ಮೊಹರು ಬೀಳದಿದ್ದರೆ ಹಣ ನಿಂತಂತೆ. ಎಂಟು ಜನ ಹೊರುವವರು ಕಾವಲುಗಾರಿಕೆಗೋ ಕಸ ಗುಡಿಸಲಿಕ್ಕೋ ಹೋಗಬೇಕು, ನಲವತ್ತು ಹಿರಿಯರು ಮತ್ತೆ ಕಿಟಕಿಗೆ. ಶಿಲಾನಳಿಗೆ ಊಟ ಸೇರದಾಯಿತು. ಕಣ್ಣು ಮುಚ್ಚಿದರೆ ಅವ್ವ ಬಟಾಣಿ ಕುಡಿ ಮೂಸುವುದು ಕಾಣುತ್ತಿತ್ತು. ಅರ್ಜಿಯನ್ನು ಆರು ಸಲ ತಿರುವಿ ನೋಡಿದಳು. ಒಂದು ಕಾಗದವೂ ತಪ್ಪಿರಲಿಲ್ಲ.

ಕಾರಣ ಹೇಳಿದ್ದು ರಾನ್ ಅಜ್ಜಿ. ಅವಳನ್ನು ಕಣ್ಣಾಸ್ಪತ್ರೆಗೆ ಇಳಿಸುತ್ತಿದ್ದಾಗ ಐದನೆಯ ಮಹಡಿಯಲ್ಲಿ ಉಸಿರಾಡಲು ಡೋಲಿ ಇಟ್ಟಿದ್ದರು.

"ನಿನ್ ಗೋಡೆ ಮೇಲೆ ಎಷ್ಟು ಪತಾಕೆ ಇದಾವೆ?" ಅಜ್ಜಿ ಕೇಳಿದಳು.

"ಹತ್ತೊಂಬತ್ತು."

"ಔಯಾಂಗ್ ಗೋಡೆ ಮೇಲೆ?"

ಶಿಲಾನ್ ನೆನಪು ಮಾಡಿಕೊಂಡಳು. ಒಂದು ಗಡಿಯಾರ, ಒಂದು ಕ್ಯಾಲೆಂಡರ್, ತೇವದ ಕಲೆ. "ಒಂದೂ ಇಲ್ಲ."

"ಮತ್ತೆ? ದುಡ್ಡು ಕೊಟ್ಟೋನು ಅವನು, ಜನ ಹೊಗಳ್ತಿರೋದು ನಿನ್ನ. ನಾಳೆ ಮೇಲಿನವರು ಬಂದು ನೋಡಿದ್ರೆ ಏನಂತಾರೆ? ಈ ಗುಡ್ಡದ ಜನಕ್ಕೆ ಕಚೇರಿ ಬೇಕಾಗಿಲ್ಲ, ಈ ಹಮಾಲಿ ಹೆಂಗಸು ಸಾಕು ಅಂತಾರೆ. ಅವನ ಕುರ್ಚಿ ಅಲ್ಲಾಡುತ್ತೆ ಕಣೇ. ಇಷ್ಟು ವಯಸ್ಸಾಯ್ತು, ಇದೂ ತಿಳೀಬೇಡ್ವಾ ನಿಂಗೆ?"

ಶಿಲಾನ್ ಮೆಟ್ಟಿಲ ಮೇಲೆ ಕುಸಿದು ಕೂತಳು. ಉಬ್ಬಿದ ಎದೆಯಿಂದ ತಾನು ಒಂದೊಂದಾಗಿ ತೋರಿಸಿದ್ದು ನೆನೆದು ಮುಖ ಬಿಸಿಯಾಯಿತು.

"ಏನ್ ಮಾಡ್ಲಿ ಅಜ್ಜಿ ಈಗ?"

"ಮಾಡೋದೇನು. ನಾವೊಂದು ಪತಾಕೆ ಮಾಡಿಸ್ತೀವಿ. ಅವನ ಹೆಸರಲ್ಲಿ."

ಶ್ಯಾಂಗನ ಮೂಗಿನ ಹೊಳ್ಳೆ ಅರಳಿತು. "ಅಲ್ಲ, ಹೊತ್ತಿದ್ದು ನನ್ ಹೆಗಲು, ಬಾವು ಬಂದಿದ್ದು ನನ್ ಹೆಗಲು, ಹಾರ ಅವರಿಗಾ? ಯಾವ ನ್ಯಾಯ ಇದು?"

"ಹಾರ ಹಾಕಿದ್ರೆ ಹೆಗಲಿಗೆ ಊಟ ಸಿಗುತ್ತೆ ಕಣೋ ಮುದಿಯಾ. ಸಾಕು, ಎತ್ತು. ಕಣ್ಣು ಡಾಕ್ಟ್ರು ಹೊರಟು ಹೋಗ್ತಾರೆ."

ಪತಾಕೆ ಸಿದ್ಧವಾಯಿತು. ಅಕ್ಷರಗಳನ್ನು ಅಜ್ಜಿಯೇ ಆರಿಸಿದಳು. ಶಿಲಾನ್ ತಾನೊಬ್ಬಳೇ ಹೋಗಿ ಕೊಟ್ಟು ಬರುತ್ತೇನೆಂದಳು. ಅಜ್ಜಿ ಒಪ್ಪಲಿಲ್ಲ. ಉಪಕಾರ ಪಡೆದವರೇ ಕೈಯಾರೆ ಕೊಡಬೇಕು, ಇಲ್ಲವಾದರೆ ಅದು ಅಂಗಡಿ ಸಾಮಾನು ಕಳಿಸಿದ ಹಾಗಾಗುತ್ತದೆ ಎಂದಳು. ಸುದ್ದಿ ಕೇಳಿ ಇನ್ನೂ ಎಂಟು ಜನ ನಾವೂ ಬರುತ್ತೇವೆಂದು ಹಟ ಹಿಡಿದರು. ಕೆಳಗಿಳಿಯಲು ನೆಪ ಸಿಕ್ಕರೆ ಬಿಡುವವರೇ ಅವರು? ಒಂಬತ್ತು ಡೋಲಿ! ಹೊರುವವರು ಸಾಲದೆ ಶ್ಯಾಂಗ್ ಕಟ್ಟೆಯಲ್ಲಿದ್ದ ತನ್ನ ಹಳೆಯ ಸಂಗಡಿಗರನ್ನೂ ಕರೆತಂದ.

ಬೆಳಗ್ಗೆ ಒಂಬತ್ತಕ್ಕೆ ಮೆರವಣಿಗೆ ಹೊರಟಿತು. ಎಲ್ಲಕ್ಕೂ ಮುಂದೆ ರಾನ್ ಅಜ್ಜಿ, ನೇರಳೆ ಕೋಟು, ತೊಡೆಯ ಮೇಲೆ ಉದ್ದಕ್ಕೆ ಸುತ್ತಿದ ಕೆಂಪು ಬಟ್ಟೆ. ಹಿಂದೆ ಎಂಟು ಡೋಲಿಗಳು ಮೆಟ್ಟಿಲ ಸಾಲಿನಲ್ಲಿ ಒಂದರ ಹಿಂದೊಂದು. ಸಂತೆಯವರು ಏನಿದು ಎಂದು ಕೇಳಿದರು. ಹಮಾಲಿಗಳಿಗೆ ಉತ್ತರಿಸಲು ಉಸಿರಿರಲಿಲ್ಲ, "ಕಚೇರಿಗೆ!" ಎಂದಷ್ಟೇ ಅಂದರು. ಅಷ್ಟು ಸಾಕಾಯಿತು. ಮೀನಿನವಳು ಬಂದಳು, ಸೋಯಾ ಮೊಸರಿನವನು ಬಂದ, ನಾಯಿ ಹಿಡಿದು ತಿರುಗಾಡುತ್ತಿದ್ದವರು ಬಂದರು. ಕಚೇರಿ ಮುಟ್ಟುವ ಹೊತ್ತಿಗೆ ಹಿಂದೆ ಇನ್ನೂರು ಜನ.

ಅಯ್ಯೋ, ಯೋಚಿಸಿ ನೋಡಿ. ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಡೆಯಲಾರದ ಮುದುಕರು, ಹಿಂದೆ ಇನ್ನೂರು ಜನ, ಮುಂದೆ ಸುತ್ತಿಟ್ಟ ಬಟ್ಟೆ. ಇದನ್ನು ನೋಡಿದರೆ ನಮ್ಮ ಊರಿನ ಕಾವಲುಗಾರನಿಗೆ ಏನು ಹೊಳೆಯುತ್ತದೆ? ಅವನು ನೋಡಿದ, ಬಾಯಿ ತೆರೆದ, ಕಬ್ಬಿಣದ ಗೇಟನ್ನು ಧಡಾರನೆ ಎಳೆದು ರೇಡಿಯೋದಲ್ಲಿ ಕಿರುಚತೊಡಗಿದ. ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಸಾಲದ್ದಕ್ಕೆ ಅಂದೇ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದು ಮೂರನೆಯ ಮಹಡಿಯಲ್ಲಿ ಕೂತಿದ್ದರು.

ಔಯಾಂಗ್ ಓಡಿ ಬಂದರು. ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ಗೇಟಿನ ಸರಳುಗಳ ನಡುವಿನಿಂದ ಎರಡೂ ಕೈ ಚಾಚಿದರು.

"ಅಜ್ಜೀ, ಅಜ್ಜೀ! ಏನಿದ್ರೂ ಕೂತು ಮಾತಾಡಿ ಬಗೆಹರಿಸ್ಕೊಳ್ಳೋಣ. ನಿಮ್ಮ ಕಾಲು ಹಿಡೀತೀನಿ. ಆ ಬಟ್ಟೆ ಮಾತ್ರ ಬಿಚ್ಬೇಡಿ!"

"ಬಿಚ್ಚದೆ ಹೆಂಗೋ ಕೊಡೋದು?" ಅಜ್ಜಿಗೆ ಸಿಟ್ಟು ಬಂತು. "ಮೂರು ದಿನ ಕೂತು ಬರೆಸಿದೀನಿ."

"ಬರೆಸಿದ್ದೀರಾ? ಏನ್ ಬರೆಸಿದ್ದೀರಾ? ಬೇಡ, ಹೇಳ್ಬೇಡಿ! ಪೂ ಶಿಲಾನ್, ನೀನು ಹಿಂಗೆ ಮಾಡ್ತೀಯಾ ಅಂತ ನಾನು ಅಂದ್ಕೊಂಡಿರ್ಲಿಲ್ಲ!"

ಇವರೆಲ್ಲ ಇದನ್ನು ಪ್ರತಿಭಟನೆ ಎಂದುಕೊಂಡಿದ್ದಾರೆ ಎಂದು ಆಗಲೇ ಶಿಲಾನಳಿಗೆ ಹೊಳೆದದ್ದು. ಒಪ್ಪಂದ ಹೋದರೆ ಹೋಗಲಿ, ಇನ್ನು ಹೆಸರೇ ಅಳಿಸಿಹಾಕುತ್ತಾರೆ, ಮೊಹರು ಕಸಿದುಕೊಳ್ಳುತ್ತಾರೆ, ಮುದಿ ಶ್ಯಾಂಗನನ್ನು ಠಾಣೆಗೆ ಎಳೆದೊಯ್ಯುತ್ತಾರೆ. ದೂರದಲ್ಲಿ ಪೊಲೀಸು ಗಾಡಿಯ ಸದ್ದೂ ಕೇಳಿತು. ಅವಳು ಗೇಟು ಹಿಡಿದು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: "ಸಾಹೇಬ್ರೇ, ಥ್ಯಾಂಕ್ಸ್ ಹೇಳಕ್ಕೆ ಬಂದಿದ್ದೀವಿ!"

ಯಾರೂ ನಂಬಲಿಲ್ಲ. ಅಲ್ಲಿಗೆ ಹಾಗೆ ಹೇಳಲು ಬಂದವರು ಅದುವರೆಗೆ ಯಾರಿದ್ದರು, ನಂಬಲಿಕ್ಕೆ?

"ಥತ್, ಸಾಕಾಯ್ತು ನಿಮ್ ನಾಟಕ" ಎಂದು ಶ್ಯಾಂಗ್ ಒಂದು ಕೈ ಹಿಂದಕ್ಕೆ ಚಾಚಿ, ಅಜ್ಜಿಯ ತೊಡೆಯ ಮೇಲಿನ ಬಟ್ಟೆಯ ತುದಿಯನ್ನು ಜಗ್ಗಿದ. ಮಖಮಲ್ಲು ಸರ್ರನೆ ಬಿಚ್ಚಿಕೊಂಡಿತು. ಔಯಾಂಗ್ ಕಣ್ಣು ಮುಚ್ಚಿದರು. ಜನವೆಲ್ಲ ಬಂಗಾರದ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು:

'ಜನರ ಕಷ್ಟ ಅರಿತ ಚಿಂಗ್‌ಶಿ ಬೀದಿ ಕಚೇರಿಗೆ, ಮನೆಯಿಂದ ಕೆಳಗಿಳಿದ ಹಿರಿಯರ ನಮನ.'

ಔಯಾಂಗ್ ಒಂದು ಕಣ್ಣು ತೆರೆದರು. ಓದಿದರು. ಇನ್ನೊಂದು ಕಣ್ಣನ್ನೂ ತೆರೆದು ಮತ್ತೆ ಓದಿದರು. ಗುಳಿಗೆಯ ಡಬ್ಬಿ ಕೈಯಿಂದ ಜಾರಿ ಉರುಳಿತು.

"ಇದು... ನಮಗಾ?" ಎಂದರು.

"ಇನ್ಯಾರಿಗೆ? ಕಾವಲುಗಾರನಿಗಾ? ಗೇಟು ತೆಗೀರಿ, ಗಾಳಿ ಬೀಸ್ತಾ ಇದೆ, ನಂಗೆ ಶೀತ ಆಗುತ್ತೆ" ಎಂದಳು ಅಜ್ಜಿ.

ಹನ್ನೊಂದು ವರ್ಷ ಆ ಮೇಜಿನ ಹಿಂದೆ ಕೂತು ಬೈಗುಳ ತಿಂದಿದ್ದ ಮನುಷ್ಯ, ಎಲ್ಲರ ಎದುರಿಗೆ, ತೋಳಿನಿಂದ ಕಣ್ಣೊರೆಸಿಕೊಂಡರು. ಶಿಲಾನಳಿಗೆ ಅಷ್ಟು ದಿನ ಅವರ ಮೇಲಿದ್ದ ಕೋಪವೆಲ್ಲ ಅಲ್ಲೇ ಇಳಿದುಹೋಯಿತು. ಪಾಪ, ಇವರಿಗೂ ಒಬ್ಬರಾದರೂ ಥ್ಯಾಂಕ್ಸ್ ಹೇಳಬೇಕಿತ್ತಲ್ಲ ಎನಿಸಿತು.

ಜಿಲ್ಲೆಯ ಅಧಿಕಾರಿ ಸದ್ದು ಕೇಳಿ ಇಳಿದು ಬಂದರು. ಅವರಿಗಂತೂ ಪರಮಾನಂದ. ಎಲ್ಲರನ್ನೂ ಸಾಲಾಗಿ ಕೂರಿಸಿ ಫೋಟೋ ತೆಗೆಸಿದರು. ಬಂದ ಪೊಲೀಸರನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡರು. ಮೀನಿನವಳು ಮೀನು ಹಿಡಿದುಕೊಂಡೇ ನಿಂತಳು. ಕ್ಯಾಮೆರಾ ಇಳಿಸುವ ಮೊದಲೇ ರಾನ್ ಅಜ್ಜಿ ಕೋಟಿನ ತೋಳಿನೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ಜಿಲ್ಲೆಯವರ ಕೈಗಿಟ್ಟಳು.

"ಇದೇನಜ್ಜಿ?"

"ನಮ್ಮ ಕಟ್ಟಡಕ್ಕೆ ಲಿಫ್ಟ್ ಬೇಕು ಅಂತ ಅರ್ಜಿ. ಇದು ಒಂಬತ್ತನೇದು. ಬಂದಿದ್ದೇ ಬಂದೆ, ಕೊಟ್ಟು ಹೋಗೋಣ ಅಂತ."

ಔಯಾಂಗರ ಮುಖ ಮತ್ತೆ ಬಿಳುಚಿಕೊಂಡಿತು. ಜಿಲ್ಲೆಯವರು ಮಾತ್ರ ನಕ್ಕು ಕಾಗದವನ್ನು ಜೇಬಿಗಿಳಿಸಿದರು. ಫೋಟೋದಲ್ಲಿ ಅದೂ ಬಂದಿದೆ.

ಎರಡು ದಿನ ಬಿಟ್ಟು ಔಯಾಂಗ್ ಕರೆಸಿಕೊಂಡರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ, ಗಡಿಯಾರವನ್ನು ಪಕ್ಕಕ್ಕೆ ಸರಿಸಿ, ಪತಾಕೆ ತೂಗುಹಾಕಿದ್ದರು. ಒಪ್ಪಂದಕ್ಕೆ ಮೊಹರು ಬಿದ್ದಿತ್ತು, ಈ ಸಲ ಎರಡು ವರ್ಷಕ್ಕೆ.

"ಹಿರಿಯರ ಸೇವೆ ಅನ್ನೋ ತಲೆಬರಹದಲ್ಲಿ ಹಣ ಮುಗಿದಿದೆ" ಎಂದರು ಔಯಾಂಗ್, ದನಿ ತಗ್ಗಿಸಿ. "ಅದಕ್ಕೇ ನಿನ್ನನ್ನ ಶಾಂತಿ ಪಾಲನೆ ಕೆಳಗೆ ಹಾಕಿದ್ದೀನಿ. ಅಲ್ಲಿ ಹಣ ಯಾವತ್ತೂ ಮುಗಿಯಲ್ಲ. ತಿಂಗಳಿಗೊಂದು ಕಾಗದ ಜಾಸ್ತಿ ಬರೀಬೇಕು, ಎಷ್ಟು ಜನ ಹಿರಿಯರು ಗಲಾಟೆ ಮಾಡಲಿಲ್ಲ ಅಂತ."

"ಅವರು ಯಾವತ್ತೂ ಮಾಡಿಲ್ಲವಲ್ಲ ಸಾಹೇಬ್ರೇ."

"ಹಾಗಾದ್ರೆ ನಲವತ್ತು ಅಂತ ಬರಿ. ಇನ್ನೊಂದು. ಡೋಲಿಗಳು ಮುಂಚೆ ಹೇಳದೆ ಕಚೇರಿಯಿಂದ ಇನ್ನೂರು ಮೀಟರ್ ಒಳಗೆ ಬರಬಾರದು. ಅದು ಏಳನೇ ಷರತ್ತು. ನನ್ನ ಹೊಟ್ಟೆ ತಡೆಯಲ್ಲ ಕಣಮ್ಮ."

ಶಿಲಾನ್ ನಗು ತಡೆದುಕೊಂಡು ಸಹಿ ಹಾಕಿದಳು. ಕೋಣೆಗೆ ಬಂದು ಗೋಡೆಯಿಂದ ಹತ್ತೊಂಬತ್ತೂ ಪತಾಕೆಗಳನ್ನು ಇಳಿಸಿದಳು. ಯಾರೂ ಇಳಿಸು ಎಂದಿರಲಿಲ್ಲ, ಆದರೆ ಈಗ ಅವಳಿಗೆ ತಿಳಿದಿತ್ತು. ಒಂದೊಂದನ್ನೂ ಮಡಿಸಿ ಅವ್ವನ ಪೆಟ್ಟಿಗೆಯಲ್ಲಿಟ್ಟಳು. 'ಹೆತ್ತ ಮಗಳಿಗಿಂತ ಹೆಚ್ಚು' ಎಂಬುದನ್ನು ಮಡಿಸಿ, ಬಿಚ್ಚಿ ಓದಿ, ಮತ್ತೆ ಮಡಿಸಿದಳು. ಅದು ಸಿಗದೇ ಇದ್ದಿದ್ದರೆ ಬೇರೆ ಮಾತು, ಸಿಕ್ಕ ಮೇಲೆ ಬಚ್ಚಿಡುವುದು ಸಂಕಟವೇ.

ಮರುದಿನ ರಾನ್ ಅಜ್ಜಿಯನ್ನು ಇಳಿಸಿದಾಗ, ಕೋಣೆಯ ಬಾಗಿಲಲ್ಲಿ ಡೋಲಿ ನಿಲ್ಲಿಸಿದರು. ಅಜ್ಜಿ ಒಳಗೆ ಇಣುಕಿದಳು. ಖಾಲಿ ಗೋಡೆ, ಹತ್ತೊಂಬತ್ತು ಮೊಳೆಗಳು. ಬಹಳ ಹೊತ್ತು ನೋಡಿದಳು.

"ಸಂತೆಗೆ ನಡೀರಿ" ಎಂದಳು.

ಸಂತೆಯ ತುದಿಯಲ್ಲಿ ಅಜ್ಜಿ, ಶಿಲಾನ್, ಶ್ಯಾಂಗ್ ಮೂವರೂ ಬಟಾಣಿ ಹಾಕಿದ ನೂಡಲ್ಸ್ ತಿಂದರು, ಜುಮ್ಮನಕಾಳಿನ ಖಾರಕ್ಕೆ ತುಟಿ ಮರಗಟ್ಟುವಂತೆ. ದುಡ್ಡು ಅಜ್ಜಿಯೇ ಕೊಟ್ಟಳು. ಆಮೇಲೆ ಸೊಪ್ಪಿನವನ ಹತ್ತಿರ ಡೋಲಿ ಒಯ್ಯಲು ಹೇಳಿ, ತಾನೇ ಬಗ್ಗಿ, ಚೌಕಾಸಿ ಮಾಡಿ, ಒಂದು ಕಂತೆ ಬಟಾಣಿ ಕುಡಿ ಆರಿಸಿದಳು. ಅದನ್ನು ಶಿಲಾನಳ ಮಡಿಲಿಗೆ ಹಾಕಿದಳು.

"ತಗೋ. ಇದು ನಿಂಗೆ. ಕಚೇರಿಗಲ್ಲ."

ಶಿಲಾನ್ ಕಂತೆಯನ್ನು ಮೂಗಿಗೆ ಹಿಡಿದಳು. ಹಸಿ ವಾಸನೆ, ಇಬ್ಬನಿ ಇನ್ನೂ ಆರಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಹರಿಯಿತು, ಅವಳು ಒರೆಸಿಕೊಳ್ಳಲೂ ಇಲ್ಲ. ಆದರೂ ಇಷ್ಟು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಒಂದು ಕೈ ತಾನಾಗಿಯೇ ಜೇಬಿನಿಂದ ಫೋನು ತೆಗೆಯಿತು. ಶ್ಯಾಂಗ್ ಕೆಂಪು ಬಟ್ಟೆ ಹುಡುಕತೊಡಗಿದ.

"ಇಡ್ರೋ ಅದನ್ನ" ಎಂದಳು ಅಜ್ಜಿ. "ಇವತ್ತು ಫೋಟೋ ಬೇಡ."

"ಹಾಗಾದ್ರೆ ಇವತ್ತು ಹೊತ್ತಿದ್ದು ಲೆಕ್ಕಕ್ಕಿಲ್ವಾ?" ಶ್ಯಾಂಗ್ ಕೇಳಿದ.

"ಇಲ್ಲ" ಎಂದಳು ಶಿಲಾನ್, ಫೋನನ್ನು ಜೇಬಿಗಿಟ್ಟು. ಸೊಪ್ಪಿನ ಕಂತೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಡೋಲಿಯ ಮುಂದಿನ ಬಿದಿರಿಗೆ ತಾನೇ ಹೆಗಲು ಕೊಟ್ಟಳು. "ಎತ್ತು, ಸಂತೆ ಇನ್ನೂ ಅರ್ಧ ನೋಡೋದಿದೆ."